ಕಟ್ಟಡ ನಿರ್ಮಾಣದ ವೃತ್ತಿಗಳು: ಕರ್ನಾಟಕದ ಒಂದು ಸಮೀಕ್ಷೆ

ಮನೆ, ಕಚೇರಿ, ರಸ್ತೆ, ಸೇತುವೆ, ಅಣೆಕಟ್ಟು, ಸುರಂಗಗಳನ್ನು ಯೋಜಿಸಿ ಕಟ್ಟುವ, ಕಟ್ಟಿದ್ದನ್ನು ಕಾಪಾಡುವ ಕೆಲಸಗಳೆಲ್ಲ ನಿರ್ಮಾಣ ವೃತ್ತಿಗಳೆನಿಸುತ್ತವೆ. ಭಾರತದಲ್ಲಿ ಬೇಸಾಯದ ಹೊರಗೆ ಅತಿ ಹೆಚ್ಚು ಜನರಿಗೆ ದುಡಿಮೆ ಒದಗಿಸಿರುವ ಕ್ಷೇತ್ರಗಳಲ್ಲಿ ಇದೂ ಒಂದು. ಈ ಕ್ಷೇತ್ರಕ್ಕೆ ಎರಡು ಬಾಗಿಲುಗಳಿವೆ. ಒಂದರಲ್ಲಿ ಕೈಕೆಲಸ ಕಲಿತವರು ಬರುತ್ತಾರೆ: ಇಲ್ಲಿ ಯಾರೂ ಅಂಕಪಟ್ಟಿ ಕೇಳುವುದಿಲ್ಲ. ಇನ್ನೊಂದರಲ್ಲಿ ಐಟಿಐ, ಡಿಪ್ಲೊಮಾ, ಪದವಿ ಪಡೆದವರು ಬರುತ್ತಾರೆ. ಇಬ್ಬರೂ ಒಂದೇ ಸೈಟಿನಲ್ಲಿ ದಿನವಿಡೀ ಜೊತೆಗಿರುತ್ತಾರೆ, ಒಬ್ಬರ ಕೆಲಸ ಇನ್ನೊಬ್ಬರಿಲ್ಲದೆ ನಡೆಯದು. ಆದರೆ ಮೊದಲ ಬಾಗಿಲಿನಿಂದ ಬಂದವರು ಎಷ್ಟೇ ನುರಿತರೂ ಎರಡನೆಯ ಸಾಲಿಗೆ ಸೇರುವುದು ಅಪರೂಪ. ಈ ಉದ್ಯಮದ ದೊಡ್ಡ ಕೊರತೆ ಅದೇ.

ಹಿನ್ನೆಲೆ

ಕಟ್ಟುವವರ ಹೆಸರನ್ನು ಕಲ್ಲಿನಲ್ಲಿ ಉಳಿಸಿದ ನಾಡು ಕರ್ನಾಟಕ. ಪಟ್ಟದಕಲ್ಲಿನಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳು ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಸೂತ್ರಧಾರಿಗಳನ್ನು ಹೆಸರಿಸಿ ಗೌರವಿಸುತ್ತವೆ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಚಾವಣರ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಸಹಿ ಕಾಣುತ್ತದೆ. ಆ ಕಾಲದ ಸೂತ್ರಧಾರಿ ನಕ್ಷೆ ಬರೆಯುವವನೂ ಹೌದು, ಕೆಲಸದ ಮೇಲುಸ್ತುವಾರಿ ನೋಡುವವನೂ ಹೌದು. ಇಂದು ಆರ್ಕಿಟೆಕ್ಟ್, ಎಂಜಿನಿಯರ್, ಮೇಸ್ತ್ರಿ ಎಂದು ಹಂಚಿಹೋಗಿರುವ ಹೊಣೆ ಅಂದು ಒಬ್ಬನಲ್ಲೇ ಸೇರಿತ್ತು.

ಈ ಹಂಚಿಕೆ ಬ್ರಿಟಿಷರ ಕಾಲದ ಲೋಕೋಪಯೋಗಿ ಇಲಾಖೆಗಳಿಂದ ಗಟ್ಟಿಯಾಯಿತು. ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇಂದಿನ ಯುವಿಸಿಇ ಅದೇ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯಲ್ಲಿ ಸಿಮೆಂಟಿನ ಬದಲು ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ ಬಳಕೆಯಾಯಿತು. ಲೆಕ್ಕಾಚಾರ ಎಂಜಿನಿಯರುಗಳದ್ದು, ಹದ ಗಾರೆಯವರದ್ದು. 1951ರಲ್ಲಿ ಅಡಿಗಲ್ಲು ಬಿದ್ದು 1956ರಲ್ಲಿ ಮುಗಿದ ವಿಧಾನಸೌಧಕ್ಕೆ ಮುಖ್ಯ ಎಂಜಿನಿಯರ್ ಬಿ. ಆರ್. ಮಾಣಿಕಂ ಅವರ ವಿನ್ಯಾಸವಿದ್ದರೆ, ಕಲ್ಲು ಕೆತ್ತಿದವರು, ಹೊತ್ತವರು ಸಾವಿರಾರು ಮಂದಿ, ಅವರಲ್ಲಿ ಕೈದಿಗಳೂ ಇದ್ದರು. ಅದನ್ನು ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹೆಸರು ಜನರ ಬಾಯಲ್ಲಿ ಉಳಿಯಿತು. ಕಲ್ಲುಕುಟಿಗರ ಪಟ್ಟಿ ಯಾವ ಗೋಡೆಯ ಮೇಲೂ ಇಲ್ಲ.

ಕೈಕೆಲಸದ ವೃತ್ತಿಗಳು

ಹಳೆ ಮೈಸೂರು ಸೀಮೆಯಲ್ಲಿ ಗಾರೆಯವರು, ಉತ್ತರ ಕರ್ನಾಟಕದಲ್ಲಿ ಗೌಂಡಿಗಳು ಎಂದು ಕರೆಯುವುದು ಗೋಡೆ ಕಟ್ಟಿ ಗಿಲಾವು ಮಾಡುವವರನ್ನು. ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಆಳಾಗಿ ಸೇರುತ್ತಾರೆ. ಮರಳು ಜರಡಿ ಹಿಡಿಯುವುದು, ಗಾರೆ ಕಲಸುವುದು, ಬಾಂಡ್ಲಿಯಲ್ಲಿ ಹೊತ್ತು ತಂದು ಕೊಡುವುದು, ಗೋಡೆಗೆ ನೀರು ಹಾಕುವುದು ಅವರ ಪಾಲು. ಒಂದೆರಡು ವರ್ಷ ಕಳೆದ ಮೇಲೆ ಮೇಸ್ತ್ರಿ ಕೈಗೆ ಕರಣೆ ಕೊಟ್ಟು, ಕಣ್ಣಿಗೆ ಬೀಳದ ಗೋಡೆಯೊಂದರಲ್ಲಿ ಇಟ್ಟಿಗೆ ಜೋಡಿಸಲು ಬಿಡುತ್ತಾರೆ. ಕಲಿಕೆ ಅಲ್ಲಿಂದ ಶುರು.

ನುರಿತ ಗಾರೆಯವರನ್ನು ಗುರುತಿಸುವುದು ಮೂಲೆಯಲ್ಲಿ. ಗೋಡೆಯ ಎರಡು ತುದಿಯ ಮೂಲೆಗಳನ್ನು ಮೊದಲು ಅನುಭವಿಗಳು ಎತ್ತುತ್ತಾರೆ. ಪ್ರತಿ ವರಸೆಗೂ ತೂಗುಗುಂಡು ಬಿಟ್ಟು ನೋಡಿ, ರಸಮಟ್ಟ ಇಟ್ಟು, ಆಮೇಲೆ ಮೂಲೆಯಿಂದ ಮೂಲೆಗೆ ದಾರ ಬಿಗಿಯುತ್ತಾರೆ. ನಡುವಿನ ಇಟ್ಟಿಗೆಗಳನ್ನು ಕಿರಿಯರು ಆ ದಾರಕ್ಕೆ ತಾಗಿಯೂ ತಾಗದಂತೆ ಇಡುತ್ತಾ ಹೋಗುತ್ತಾರೆ. ಮೂಲೆ ತಪ್ಪಿದರೆ ಇಡೀ ಗೋಡೆ ತಪ್ಪುತ್ತದೆ. ಪಾಯ ಗುರುತು ಹಾಕುವಾಗಲೂ ಹೀಗೇ: ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಅಳೆದು, ಆ ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬಂದರೆ ಮೂಲೆ ಲಂಬಕೋನವಾಗಿದೆ ಎಂದರ್ಥ. ಶಾಲೆಯ ಮೆಟ್ಟಿಲು ಹತ್ತದ ಮೇಸ್ತ್ರಿಯೂ ಪೈಥಾಗೊರಸ್ ಪ್ರಮೇಯವನ್ನು ದಿನನಿತ್ಯ ಬಳಸುತ್ತಾರೆ. ಇದನ್ನು ಬರೀ ಅಭ್ಯಾಸಬಲ ಎಂದು ತಳ್ಳಿಹಾಕುವುದು ಅನ್ಯಾಯ.

ಕಲ್ಲಿನ ಕೆಲಸ ಪ್ರದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಕರಾವಳಿಯಲ್ಲಿ ಮುರಕಲ್ಲು, ಬೆಂಗಳೂರು ಕೋಲಾರಗಳ ಸುತ್ತ ಸೈಜುಗಲ್ಲು, ಕಲಬುರಗಿ ಕಡೆ ಶಹಾಬಾದ್ ಪರಶಿ. ಮಣ್ಣು ಮತ್ತು ಕಲ್ಲಿನ ಕೆಲಸದಲ್ಲಿ ಭೋವಿ ಸಮುದಾಯದವರು ತಲೆಮಾರುಗಳಿಂದ ಗಳಿಸಿದ ತಿಳಿವಳಿಕೆ ಈ ನಾಡಿನ ಕೆರೆಕಟ್ಟೆಗಳಲ್ಲಿ, ಕೋಟೆಗಳಲ್ಲಿ ಕಾಣುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು ಹೊದಿಸುವುದೂ ಒಂದು ಪ್ರತ್ಯೇಕ ಕೆಲಸವಾಗಿ ಬೆಳೆಯಿತು. ಈಗ ಅದನ್ನು ಬಲ್ಲವರು ಕಡಿಮೆ, ಹಳೆ ಮನೆಗಳ ರಿಪೇರಿಗೆ ಅವರನ್ನು ಹುಡುಕಿಕೊಂಡು ಹೋಗಬೇಕಾಗಿದೆ.

ಕಬ್ಬಿಣ ಕಟ್ಟುವವರು ಬಾರ್ ಬೆಂಡರ್‌ಗಳು. ತಾರಸಿ, ತೊಲೆ, ಕಂಬಗಳಿಗೆ ಹಲಗೆ ಮತ್ತು ಆನಿಕೆ ಕೊಟ್ಟು ಅಚ್ಚು ಕಟ್ಟುವವರು ಸೆಂಟ್ರಿಂಗ್‌ನವರು. ಇವರಲ್ಲದೆ ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ, ಟೈಲ್ಸ್ ಹಾಕುವವರು, ಪೇಂಟರ್, ವೆಲ್ಡರ್, ಅಲ್ಯೂಮಿನಿಯಂ ಕಿಟಕಿ ಕೂರಿಸುವವರು, ಫಾಲ್ಸ್ ಸೀಲಿಂಗ್ ಮಾಡುವವರು ಇದ್ದಾರೆ. ಇವರಲ್ಲಿ ಟೈಲ್ಸ್ ಮತ್ತು ಪೇಂಟಿಂಗ್ ಕೆಲಸಗಳಿಗೆ ಈಚೆಗೆ ಒಳ್ಳೆಯ ಬೇಡಿಕೆ. ಹೊಸ ಕಟ್ಟಡವಿಲ್ಲದ ಕಾಲದಲ್ಲೂ ಹಳೆ ಮನೆಯ ನವೀಕರಣ ನಡೆಯುತ್ತಲೇ ಇರುತ್ತದೆ.

ಮೋಲ್ಡ್ ಹಾಕುವ ದಿನ

ಈ ವೃತ್ತಿಗಳೆಲ್ಲ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ನೋಡಬೇಕಾದರೆ ತಾರಸಿಗೆ ಕಾಂಕ್ರೀಟ್ ಹಾಕುವ ದಿನ, ಅಂದರೆ ಜನರ ಮಾತಿನಲ್ಲಿ ಮೋಲ್ಡ್ ಹಾಕುವ ದಿನ, ಒಂದು ಸೈಟಿಗೆ ಹೋಗಬೇಕು. ಅಷ್ಟರೊಳಗೆ ಸೆಂಟ್ರಿಂಗ್‌ನವರು ಅಚ್ಚು ಕೂರಿಸಿ, ಬಾರ್ ಬೆಂಡರ್‌ಗಳು ಕಬ್ಬಿಣ ಹೆಣೆದು ಕಟ್ಟುತಂತಿಯಿಂದ ಬಿಗಿದಿರುತ್ತಾರೆ. ಎಲೆಕ್ಟ್ರಿಷಿಯನ್ ಫ್ಯಾನ್ ಬಾಕ್ಸ್ ಮತ್ತು ಪೈಪ್ ಹಾಸಿರುತ್ತಾರೆ, ಪ್ಲಂಬರ್ ಬಚ್ಚಲಿನ ಕೊಳವೆಗೆ ಜಾಗ ಬಿಡಿಸಿರುತ್ತಾರೆ. ಎಂಜಿನಿಯರ್ ಬಂದು ಕಬ್ಬಿಣದ ಅಂತರ ಅಳೆದು, ಕೆಳಗಿನ ಕವರ್ ಬ್ಲಾಕ್‌ಗಳನ್ನು ನೋಡಿ, ಒಪ್ಪಿದ ಮೇಲೆಯೇ ಕಾಂಕ್ರೀಟ್.

ಚಿಕ್ಕ ಮನೆಗಾದರೆ ಮಿಕ್ಸರ್ ಯಂತ್ರ ಮತ್ತು ಮೋಲ್ಡ್ ಹಾಕುವ ಗ್ಯಾಂಗ್ ಬರುತ್ತದೆ. ದೊಡ್ಡ ಕಟ್ಟಡಕ್ಕಾದರೆ ಸಿದ್ಧ ಕಾಂಕ್ರೀಟ್ ತರುವ ಆರ್‌ಎಂಸಿ ಲಾರಿ ಮತ್ತು ಪಂಪ್. ಲಾರಿ ಬಂದೊಡನೆ ಗುಣಮಟ್ಟ ನೋಡುವ ಎಂಜಿನಿಯರ್ ಸ್ಲಂಪ್ ಪರೀಕ್ಷೆ ಮಾಡುತ್ತಾರೆ. 30 ಸೆಂ.ಮೀ. ಎತ್ತರದ ಶಂಕುವಿನಾಕಾರದ ಪಾತ್ರೆಗೆ ಕಾಂಕ್ರೀಟ್ ತುಂಬಿ, ಪಾತ್ರೆಯನ್ನು ಮೇಲೆತ್ತಿದಾಗ ಅದು ಎಷ್ಟು ಕುಸಿಯಿತು ಎಂಬುದರಿಂದ ಹದ ತಿಳಿಯುತ್ತದೆ. 15 ಸೆಂ.ಮೀ. ಘನಾಕಾರದ ಅಚ್ಚುಗಳಲ್ಲಿ ಮಾದರಿ ಎರಕ ಹೊಯ್ದು ನೀರಿನಲ್ಲಿಡುತ್ತಾರೆ. ಸಾಮಾನ್ಯವಾಗಿ 7 ಮತ್ತು 28 ದಿನಗಳಿಗೆ ಅವನ್ನು ಯಂತ್ರದಲ್ಲಿ ಒತ್ತಿ ಒಡೆದು ಬಲ ನೋಡುತ್ತಾರೆ.

ಮೇಲೆ ವೈಬ್ರೇಟರ್ ಹಿಡಿದವರು, ಕಾಂಕ್ರೀಟ್ ಎಳೆದು ಮಟ್ಟ ಮಾಡುವವರು ಓಡಾಡುತ್ತಿರುವಾಗ ಇಬ್ಬರು ಬಾರ್ ಬೆಂಡರ್‌ಗಳು ಮನೆಗೆ ಹೋಗದೆ ಅಲ್ಲೇ ಉಳಿಯಬೇಕು. ಕಾರಣ ಇಷ್ಟೇ: ಮುಂಚಾಚಿದ ಬಾಲ್ಕನಿಯಲ್ಲಿ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿರಬೇಕು. ಕೆಲಸಗಾರರ ಕಾಲ್ತುಳಿತಕ್ಕೆ ಅದು ಕೆಳಗೆ ಜಗ್ಗಿದರೆ, ಆಸರೆ ತೆಗೆದ ದಿನ ಬಾಲ್ಕನಿ ಮುರಿದು ಬೀಳಬಹುದು. ತುಳಿತಕ್ಕೆ ಸಿಕ್ಕ ಸರಳನ್ನು ಕೂಡಲೇ ಎತ್ತಿ ಕಟ್ಟುವುದು ಆ ಇಬ್ಬರ ಹೊಣೆ. ಕೆಳಗೆ ಸೆಂಟ್ರಿಂಗ್ ಮೇಸ್ತ್ರಿ ಆನಿಕೆಗಳ ನಡುವೆ ಓಡಾಡುತ್ತಾ, ಎಲ್ಲಿ ಜಗ್ಗುತ್ತಿದೆ, ಎಲ್ಲಿ ಸೋರುತ್ತಿದೆ ಎಂದು ಕಿವಿಗೊಟ್ಟು ಕೇಳುತ್ತಿರುತ್ತಾರೆ. ಮಹಡಿಯ ಮೇಲಿನ ಮೂವತ್ತು ಜನರ ಜೀವ ಆ ಹೊತ್ತಿನಲ್ಲಿ ಅವರ ಕೈಯಲ್ಲಿದೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು. ಆಧಾರಗಳ ನಡುವೆ ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಂತರವಿರುವ ತಾರಸಿಯ ಆನಿಕೆಗಳನ್ನು 14 ದಿನ ತೆಗೆಯುವಂತಿಲ್ಲ. ಮುಂದಿನ ಕೆಲಸದ ಅವಸರಕ್ಕೆ ಹಲಗೆಗಳನ್ನು ಬೇಗ ಬಿಚ್ಚಿಸುವ ಮಾಲೀಕರಿಗೆ ಇದನ್ನು ಗಟ್ಟಿಯಾಗಿ ಹೇಳಬಲ್ಲವರೇ ಒಳ್ಳೆಯ ಸೈಟ್ ಎಂಜಿನಿಯರ್.

ಓದಿನ ದಾರಿ

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್, ಸಿವಿಲ್ ಡ್ರಾಫ್ಟ್ಸ್‌ಮನ್‌ನಂತಹ ಎರಡು ವರ್ಷದ ತರಬೇತಿಗಳೂ ಪ್ಲಂಬರ್, ವೆಲ್ಡರ್‌ನಂತಹ ಒಂದು ವರ್ಷದ ತರಬೇತಿಗಳೂ ಇವೆ. ಪಾಲಿಟೆಕ್ನಿಕ್‌ನ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಮುಗಿಸಿದವರು ಸೈಟ್ ಸೂಪರ್‌ವೈಸರ್, ಸರ್ವೇಯರ್ ಸಹಾಯಕ, ಕಿರಿಯ ಎಂಜಿನಿಯರ್ ಆಗಿ ಸೇರುತ್ತಾರೆ. ಸಿಇಟಿ ಬರೆದು ನಾಲ್ಕು ವರ್ಷದ ಬಿಇ ಮಾಡುವುದು ಇನ್ನೊಂದು ದಾರಿ. ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾದ ಮೇಲೆ ರಾಜ್ಯದ ಹೆಚ್ಚಿನ ಎಂಜಿನಿಯರಿಂಗ್ ಕಾಲೇಜುಗಳು ಅದರಡಿ ಬಂದವು. 1960ರಲ್ಲಿ ಕೆಆರ್‌ಇಸಿ ಎಂದು ಆರಂಭವಾದ ಸುರತ್ಕಲ್‌ನ ಎನ್‌ಐಟಿಕೆ ಸಿವಿಲ್ ಶಿಕ್ಷಣದಲ್ಲಿ ಹೆಸರಾದ ಸಂಸ್ಥೆ.

ಪದವಿ ಒಂದೇ ಆದರೂ ಮುಂದಿನ ಹುದ್ದೆಗಳು ಹಲವು. ಸೈಟ್ ಎಂಜಿನಿಯರ್ ನಕ್ಷೆಯನ್ನು ನೆಲಕ್ಕಿಳಿಸುತ್ತಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಕಂಬ ಎಷ್ಟು ದಪ್ಪ, ಸರಳು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಭೂತಾಂತ್ರಿಕ ಎಂಜಿನಿಯರ್ ಮಣ್ಣು ಎಷ್ಟು ಭಾರ ತಾಳುತ್ತದೆ ಎಂದು ಪರೀಕ್ಷಿಸುತ್ತಾರೆ. ಯೋಜನಾ ಎಂಜಿನಿಯರ್ ಕಂಪ್ಯೂಟರಿನಲ್ಲಿ ಕೆಲಸಗಳ ಸರಣಿ ಬರೆದು, ಯಾವುದು ತಡವಾದರೆ ಇಡೀ ಯೋಜನೆ ತಡವಾಗುತ್ತದೆ ಎಂದು ತೋರಿಸುತ್ತಾರೆ.

ಹೊಸಬರು ಗಮನಿಸದೆ ಹೋಗುವ ಹುದ್ದೆ ಬಿಲ್ಲಿಂಗ್ ಎಂಜಿನಿಯರ್ ಅಥವಾ ಕ್ವಾಂಟಿಟಿ ಸರ್ವೇಯರ್. ಗುತ್ತಿಗೆಯ ಲಾಭನಷ್ಟ ತೀರ್ಮಾನವಾಗುವುದು ಇವರ ಮೇಜಿನಲ್ಲಿ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ, 12 ಮಿ.ಮೀ. ಸರಳಿಗೆ ಸುಮಾರು 0.89 ಕಿಲೋ. ಸರಳುಗಳು ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ಬರುವುದರಿಂದ ಎಲ್ಲಿ ಕತ್ತರಿಸಿದರೆ ತುಂಡು ಕಡಿಮೆ ಉಳಿಯುತ್ತದೆ ಎಂಬ ಪಟ್ಟಿಯನ್ನು ಮೊದಲೇ ಮಾಡಿಕೊಟ್ಟರೆ ಟನ್ನುಗಟ್ಟಲೆ ಕಬ್ಬಿಣ ಉಳಿಯುತ್ತದೆ. ಅಳತೆಯಲ್ಲಿ ಶಿಸ್ತು, ಲೆಕ್ಕದಲ್ಲಿ ಪ್ರಾಮಾಣಿಕತೆ ಇರುವವರಿಗೆ ಇದು ಬಹುಕಾಲ ಬಾಳುವ ವೃತ್ತಿ.

ಆರ್ಕಿಟೆಕ್ಟ್ ಆಗಲು ಐದು ವರ್ಷದ ಬಿ.ಆರ್ಕ್ ಓದಬೇಕು, ಪ್ರವೇಶಕ್ಕೆ ನಾಟಾ ಅಥವಾ ಜೆಇಇಯ ಆರ್ಕಿಟೆಕ್ಚರ್ ಪತ್ರಿಕೆ ಬರೆಯಬೇಕು. 1972ರ ಕಾಯಿದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿತರಾದವರು ಮಾತ್ರ ಆ ಹೆಸರಿನಲ್ಲಿ ವೃತ್ತಿ ನಡೆಸಬಹುದು. ಒಳಾಂಗಣ ವಿನ್ಯಾಸ, ಭೂದೃಶ್ಯ ವಿನ್ಯಾಸ, ನಗರ ಯೋಜನೆ ಇದರ ಆಚೀಚಿನ ಶಾಖೆಗಳು. ನಿರ್ಮಾಣ ನಿರ್ವಹಣೆಯಲ್ಲಿ ಸ್ನಾತಕೋತ್ತರ ಶಿಕ್ಷಣಕ್ಕೆ 1983ರಲ್ಲಿ ಆರಂಭವಾದ ನಿಕ್ಮಾರ್ ಸಂಸ್ಥೆ ಹೆಸರುವಾಸಿ.

ಸರ್ಕಾರಿ ಹುದ್ದೆ ಮತ್ತು ಗುತ್ತಿಗೆ

ಲೋಕೋಪಯೋಗಿ, ಜಲಸಂಪನ್ಮೂಲ, ಸಣ್ಣ ನೀರಾವರಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಗಳು, ಗೃಹಮಂಡಳಿ, ನೀರಾವರಿ ನಿಗಮಗಳು ಎಂಜಿನಿಯರುಗಳನ್ನು ನೇಮಿಸಿಕೊಳ್ಳುತ್ತವೆ. ಡಿಪ್ಲೊಮಾದವರು ಕಿರಿಯ ಎಂಜಿನಿಯರ್ ಆಗಿಯೂ ಪದವೀಧರರು ಸಹಾಯಕ ಎಂಜಿನಿಯರ್ ಆಗಿಯೂ ಸೇರಿ, ಸಹಾಯಕ ಕಾರ್ಯಪಾಲಕ, ಕಾರ್ಯಪಾಲಕ, ಅಧೀಕ್ಷಕ, ಮುಖ್ಯ ಎಂಜಿನಿಯರ್ ಹಂತಗಳನ್ನು ಏರಬಹುದು. ಇಲ್ಲಿ ಎಂಬಿ ಪುಸ್ತಕ ಎಂದು ಎಲ್ಲರೂ ಕರೆಯುವ ಅಳತೆ ಪುಸ್ತಕವೇ ಜೀವಾಳ. ಅದರಲ್ಲಿ ಎಂಜಿನಿಯರ್ ದಾಖಲಿಸಿದ ಅಳತೆಯ ಮೇಲೆಯೇ ಗುತ್ತಿಗೆದಾರರ ಬಿಲ್ಲು ಪಾವತಿಯಾಗುತ್ತದೆ, ಆದ್ದರಿಂದ ಒತ್ತಡವೂ ಅಲ್ಲೇ ಬೀಳುತ್ತದೆ.

ಗುತ್ತಿಗೆದಾರರಾಗಲು ಪದವಿ ಬೇಕಿಲ್ಲ, ಬಂಡವಾಳ ಮತ್ತು ಜನರನ್ನು ಕೂಡಿಸುವ ಶಕ್ತಿ ಬೇಕು. ಸರ್ಕಾರಿ ಕಾಮಗಾರಿ ಹಿಡಿಯುವವರು ಇಲಾಖೆಯಲ್ಲಿ ದರ್ಜೆವಾರು ನೋಂದಾಯಿಸಿಕೊಂಡು, 1999ರ ಪಾರದರ್ಶಕತೆ ಕಾಯಿದೆಯಂತೆ ಟೆಂಡರ್ ಹಾಕಬೇಕು. ಖಾಸಗಿ ಮನೆಗಳನ್ನು ಬೆಂಗಳೂರಿನಲ್ಲಿ ಚದರದ ಲೆಕ್ಕದಲ್ಲಿ, ಅಂದರೆ ನೂರು ಚದರಡಿಗೆ ಇಷ್ಟು ಎಂದು, ಬರೀ ಕೂಲಿಗೋ ಸಾಮಾನು ಸಮೇತವೋ ಮಾತಾಡಿಕೊಳ್ಳುತ್ತಾರೆ. ಮೇಸ್ತ್ರಿಯಾಗಿದ್ದವರು ಮುಂದೆ ಹೋಗುವುದು ಬಹುಪಾಲು ಈ ದಾರಿಯಲ್ಲಿಯೇ: ಮೊದಲು ತುಂಡು ಗುತ್ತಿಗೆ, ಆಮೇಲೆ ಒಂದು ಮನೆ, ಆಮೇಲೆ ಹತ್ತು. ಇದಕ್ಕೆ ತಕ್ಕ ಅಪಾಯವೂ ಇದೆ. ಮಾಲೀಕರಿಂದ ದುಡ್ಡು ಬರದಿದ್ದರೂ ಶನಿವಾರವೋ ಭಾನುವಾರವೋ ಆಳುಗಳಿಗೆ ಬಟವಾಡೆ ನಿಲ್ಲಿಸುವಂತಿಲ್ಲ. ಅಪಾರ್ಟ್‌ಮೆಂಟ್ ಕಟ್ಟಿ ಮಾರುವವರಿಗೆ 2016ರ ರೇರಾ ಕಾಯಿದೆ ಅನ್ವಯಿಸುತ್ತದೆ. ಹಸ್ತಾಂತರಿಸಿದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಅದನ್ನು ಸರಿಪಡಿಸುವ ಹೊಣೆ ಬಿಲ್ಡರನದ್ದು. ಈ ಕಾಯಿದೆ ಬಂದ ಮೇಲೆ ದಾಖಲೆ ಮತ್ತು ಗುಣಮಟ್ಟ ನೋಡಿಕೊಳ್ಳುವವರ ಬೇಡಿಕೆ ಹೆಚ್ಚಿದೆ.

ಹೊಸ ಕೆಲಸಗಳು

ಜೆಸಿಬಿ, ಹಿಟಾಚಿ, ಕ್ರೇನ್ ನಡೆಸುವವರು ಹಳ್ಳಿಗಳಲ್ಲೂ ಸ್ವಂತ ಉದ್ಯೋಗ ಕಟ್ಟಿಕೊಂಡಿದ್ದಾರೆ. ಸರ್ವೇಯಲ್ಲಿ ಸರಪಳಿ ಟೇಪುಗಳ ಜಾಗಕ್ಕೆ ಟೋಟಲ್ ಸ್ಟೇಷನ್ ಮತ್ತು ಡ್ರೋನ್ ಬಂದಿವೆ. ಡ್ರಾಫ್ಟ್ಸ್‌ಮನ್‌ಗಳು ಆಟೋಕ್ಯಾಡ್‌ನಿಂದ ಬಿಮ್ ಎಂಬ ಮೂರು ಆಯಾಮದ ಮಾದರಿಗಳತ್ತ ಹೊರಳುತ್ತಿದ್ದಾರೆ: ಕಟ್ಟುವ ಮುನ್ನವೇ ಕೊಳವೆಯೊಂದು ತೊಲೆಗೆ ಅಡ್ಡ ಬರುತ್ತದೆಯೇ ಎಂದು ಕಂಪ್ಯೂಟರಿನಲ್ಲಿ ತಿಳಿಯುತ್ತದೆ. 2011ರ ಅಕ್ಟೋಬರಿನಲ್ಲಿ ಓಡಾಟ ಶುರುಮಾಡಿದ ನಮ್ಮ ಮೆಟ್ರೊ ಬೆಂಗಳೂರಿಗೆ ಸುರಂಗ ಕೊರೆಯುವ ಉದ್ಯೋಗಗಳನ್ನೂ ತಂದಿತು. ಊರ್ಜಾ, ವರದಾ, ತುಂಗಾ, ಭದ್ರಾ ಎಂದು ಹೆಸರಿಟ್ಟ ಯಂತ್ರಗಳ ಒಳಗೆ ಪಾಳಿಯ ಮೇಲೆ ದುಡಿದ ನಿರ್ವಾಹಕರು, ಭೂವಿಜ್ಞಾನಿಗಳು, ಮೆಕ್ಯಾನಿಕ್‌ಗಳು ನೆಲದ ಕುಸಿತವನ್ನು ಮಿಲಿಮೀಟರ್ ಲೆಕ್ಕದಲ್ಲಿ ಗಮನಿಸಬೇಕಿತ್ತು. ಇನ್ನೊಂದು ತುದಿಯಲ್ಲಿ, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಬೆಳೆಸಿದ ಒತ್ತಿದ ಮಣ್ಣಿನ ಇಟ್ಟಿಗೆಯ ಕೆಲಸ ಬಲ್ಲ ಗಾರೆಯವರಿಗೆ ಪರಿಸರಸ್ನೇಹಿ ಮನೆಗಳಲ್ಲಿ ವಿಶೇಷ ಬೆಲೆಯಿದೆ.

ಭದ್ರತೆ, ಅಪಾಯ, ಕಲ್ಯಾಣ

ಎತ್ತರದಿಂದ ಬೀಳುವುದು, ಅಗೆದ ಮಣ್ಣು ಕುಸಿಯುವುದು, ವಿದ್ಯುತ್ ತಗಲುವುದು ಈ ಕ್ಷೇತ್ರದ ಮುಖ್ಯ ಅಪಾಯಗಳು. ಕಲ್ಲು ಮತ್ತು ಟೈಲ್ಸ್ ಕತ್ತರಿಸುವಾಗಿನ ದೂಳು ವರ್ಷಗಳ ನಂತರ ಸಿಲಿಕೋಸಿಸ್ ಎಂಬ ಗುಣವಾಗದ ಶ್ವಾಸಕೋಶದ ಕಾಯಿಲೆ ತರುತ್ತದೆ. ನೀರು ಹಾಕಿಕೊಂಡು ಕತ್ತರಿಸುವುದು, ಮಾಸ್ಕ್ ಧರಿಸುವುದು ಇದಕ್ಕೆ ಸುಲಭದ ತಡೆ, ಆದರೂ ಚಿಕ್ಕ ಸೈಟುಗಳಲ್ಲಿ ಇದನ್ನು ಕೇಳುವವರಿಲ್ಲ. ಸುರಕ್ಷತಾ ಅಧಿಕಾರಿ ಎಂಬ ಹುದ್ದೆ ದೊಡ್ಡ ಕಂಪನಿಗಳಲ್ಲಿ ಭದ್ರವಾಗಿ ನೆಲೆಯೂರಿದೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 250 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ನಿರ್ಮಾಣ ಕೆಲಸಗಳಿಗೆ ಅದನ್ನು ವಿಧಿಸುತ್ತದೆ. ಬಿದ್ದು ಸಾಯುವವರಲ್ಲಿ ಅನೇಕರು ದುಡಿಯುವುದು ಹತ್ತಿಪ್ಪತ್ತು ಜನರ ಸೈಟುಗಳಲ್ಲಿ ಎಂಬುದನ್ನು ಈ ಸಂಖ್ಯೆ ಕಾಣುವುದಿಲ್ಲ.

1996ರಲ್ಲಿ ಕಟ್ಟಡ ಕಾರ್ಮಿಕರಿಗಾಗಿ ಬಂದ ಎರಡು ಕೇಂದ್ರ ಕಾಯಿದೆಗಳು ದೊಡ್ಡ ತಿರುವು. ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಸಂಗ್ರಹಿಸಿ ಕಾರ್ಮಿಕರಿಗೇ ಖರ್ಚು ಮಾಡಲು ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ರಚನೆಯಾಯಿತು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಈ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ನೋಂದಾಯಿಸಿಕೊಳ್ಳಬಹುದು. ಪಿಂಚಣಿ, ಅಪಘಾತ ಪರಿಹಾರ, ಹೆರಿಗೆ ನೆರವು, ಮಕ್ಕಳ ಓದಿಗೆ ‘ಕಲಿಕೆ ಭಾಗ್ಯ’ ಮೊದಲಾದ ಸೌಲಭ್ಯಗಳಿವೆ. ತೊಡಕಿರುವುದು 90 ದಿನದ ದೃಢೀಕರಣದಲ್ಲಿ. ಈ ವಾರ ಒಬ್ಬ ಮೇಸ್ತ್ರಿ, ಮುಂದಿನ ವಾರ ಇನ್ನೊಬ್ಬರು ಎಂದು ದುಡಿಯುವ ಆಳಿಗೆ ಸಹಿ ಹಾಕಿಕೊಡುವವರು ಸಿಗುವುದು ಕಷ್ಟ, ಕಟ್ಟಡದ ಕೆಲಸವನ್ನೇ ಮಾಡದವರು ಕಾರ್ಡ್ ಪಡೆದ ಪ್ರಕರಣಗಳೂ ಇವೆ.

ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ಗುಳೆ ಬಂದ ಕುಟುಂಬಗಳು ಬೆಂಗಳೂರಿನ ಸೈಟುಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ನೆಲೆಸುತ್ತವೆ. ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದವರೂ ಈಗ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೊಲ್ಲಿ ದೇಶಗಳಿಗೆ ಏಜೆಂಟರ ಮೂಲಕ ಹೋಗುವ ಕನ್ನಡಿಗ ಕೆಲಸಗಾರರು ನೋಂದಾಯಿತ ಏಜೆಂಟರನ್ನೇ ಆರಿಸಿಕೊಳ್ಳಬೇಕು. ಹತ್ತನೆಯ ತರಗತಿ ಮುಗಿಸದವರಿಗೆ ಹಲವು ದೇಶಗಳಿಗೆ ವಲಸೆ ಅನುಮತಿ ಕಡ್ಡಾಯ.

ಹೆಂಗಸರ ಪಾಲು

ಸೈಟುಗಳಲ್ಲಿ ಹೆಂಗಸರು ಎಲ್ಲೆಲ್ಲೂ ಇದ್ದಾರೆ, ಕರಣೆ ಹಿಡಿದವರು ಮಾತ್ರ ಬೆರಳೆಣಿಕೆಯಷ್ಟು. ಹತ್ತು ವರ್ಷ ಗಾರೆ ಹೊತ್ತವರಿಗೆ ಅದರ ಹದ ಕಲಸುವವರಷ್ಟೇ ಗೊತ್ತಿರುತ್ತದೆ, ಆದರೂ ಅವರನ್ನು ಆಳಿನ ಕೂಲಿಯಲ್ಲೇ ನಿಲ್ಲಿಸಲಾಗುತ್ತದೆ. ಒಂದೇ ಕೆಲಸಕ್ಕೆ ಗಂಡಾಳಿಗೊಂದು, ಹೆಣ್ಣಾಳಿಗೊಂದು ದರವಿಡುವ ರೂಢಿ 1976ರ ಸಮಾನ ವೇತನ ಕಾಯಿದೆಯ ನಂತರವೂ ಅಳಿದಿಲ್ಲ. 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಕೂಸಿನ ಮನೆ ಇರಬೇಕೆಂದು 1996ರ ಕಾಯಿದೆ ಹೇಳಿತು. ಮರಳಿನ ರಾಶಿಯ ಮೇಲೆ ಮಗುವನ್ನು ಮಲಗಿಸಿ ಕೆಲಸಕ್ಕೆ ಹೋಗುವ ತಾಯಂದಿರು ಇಂದಿಗೂ ಕಾಣುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಲ್ಲಿ ಹೆಣ್ಣುಮಕ್ಕಳು ಒಳ್ಳೆಯ ಸಂಖ್ಯೆಯಲ್ಲಿದ್ದರೂ ಅವರಲ್ಲಿ ಹಲವರು ವಿನ್ಯಾಸ ಮತ್ತು ಬಿಲ್ಲಿಂಗ್ ಕಡೆಗೆ ಸರಿಯುತ್ತಾರೆ. ಶೌಚಾಲಯವಿಲ್ಲದ ಸೈಟುಗಳೂ ಅದಕ್ಕೊಂದು ಕಾರಣ.

ಒಂದರಿಂದ ಇನ್ನೊಂದಕ್ಕೆ

ಓದಿನ ದಾರಿಯೊಳಗೆ ಮೇಲೇರಲು ಮೆಟ್ಟಿಲುಗಳಿವೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕೈಕೆಲಸದವರಿಗೆ ಸಿಕ್ಕಿರುವುದು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿಯ ಪೂರ್ವಕಲಿಕೆಯ ಮಾನ್ಯತೆ. ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಈ ಏರ್ಪಾಡು ಸರಿಯಾದ ಹೆಜ್ಜೆಯೇ. ಆದರೆ ಆ ಪ್ರಮಾಣಪತ್ರವನ್ನು ನೋಡಿ ಕೂಲಿ ಹೆಚ್ಚಿಸುವ ಮೇಸ್ತ್ರಿ, ಮಾಲೀಕರು ವಿರಳ. ಇಪ್ಪತ್ತು ವರ್ಷ ಮೂಲೆ ಎತ್ತಿದ ಗೌಂಡಿಯನ್ನು ಐಟಿಐಯಲ್ಲಿ ಪಾಠ ಹೇಳಲು ಕರೆಯುವಂತಾಗಬೇಕು, ಸರ್ಕಾರಿ ಕಾಮಗಾರಿಯ ಟೆಂಡರುಗಳಲ್ಲಿ ಇಂತಿಷ್ಟು ಪ್ರಮಾಣೀಕೃತ ಗಾರೆಯವರು ಇರಲೇಬೇಕೆಂಬ ಷರತ್ತು ಬರಬೇಕು. ಬಿಲ್ಲಿನ ಜೊತೆಗೆ ಅವರ ಹೆಸರಿನ ಹಾಜರಿ ಪಟ್ಟಿಯನ್ನೂ ಲಗತ್ತಿಸುವಂತಾದರೆ ಕಲ್ಯಾಣ ಮಂಡಳಿ ಕೇಳುವ 90 ದಿನದ ಪುರಾವೆಯೂ ಅದರಿಂದಲೇ ಸಿಗುತ್ತದೆ.